ಪಹಣಿಯಲ್ಲಿಲ್ಲದ ಬಸಳೆಗೆ ಪರಿಹಾರ ಕೇಳುವುದು ಯಾರಲ್ಲಿ?

ಕಾಡಾನೆ ಇಳಿದರೆ ಅದು ಸುದ್ದಿ. ಮುರಿದ ಅಡಿಕೆ ಮರ, ಸೀಳಿ ಬಿದ್ದ ಬಾಳೆ, ಪಕ್ಕದಲ್ಲಿ ಕೈಕಟ್ಟಿ ನಿಂತ ಮನೆಯವರು. ಇಷ್ಟು ಫೋಟೋ ಸಿಕ್ಕಿದರೆ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಗ್ಯಾರಂಟಿ. ಚಾರ್ಮಾಡಿ, ನೆರಿಯ, ತೋಟತ್ತಾಡಿ, ಮುಂಡಾಜೆ ಕಡೆಯಿಂದ ಇಂಥ ಸುದ್ದಿಯನ್ನು ಬಿಡಿ ಸುದ್ದಿಗಾರನಾಗಿ ನಾನೂ ಎಷ್ಟೋ ಸಲ ಕಳಿಸಿದ್ದೇನೆ. ಆದರೆ ಕಕ್ಕಿಂಜೆ ಪೇಟೆಯಿಂದ ಯಾವ ಒಳರಸ್ತೆ ಹಿಡಿದು ಹೋದರೂ, ಯಾರ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದರೂ ಮೊದಲು ಬರುವುದು ಆನೆಯ ಮಾತಲ್ಲ. "ಬಸಳೆ ಚಪ್ಪರ ಪೂರಾ ಎಳೆದು ಹಾಕಿದ್ದಾವೆ ಮಾರಾಯ್ರೆ, ಒಂದು ಚಿಗುರು ಬಿಟ್ಟಿಲ್ಲ" ಎನ್ನುವ ಮಾತು. ಇದನ್ನು ಸುದ್ದಿ ಮಾಡಿ ಕಳಿಸಿದರೆ ಡೆಸ್ಕಿನಲ್ಲಿ ಕೂತವರು ನಗುತ್ತಾರೆ. ಆನೆ ಅಪರೂಪಕ್ಕೆ ಬರುತ್ತದೆ, ಮಂಗ ದಿನಾ ಬರುತ್ತದೆ. ದಿನಾ ಆಗುವುದು ಸುದ್ದಿಯಲ್ಲ ಎಂದು ನಮಗೆ ಡಿಪ್ಲೊಮಾ ತರಗತಿಯಲ್ಲೇ ಕಲಿಸಿದ್ದಾರೆ.

ಹಾಗಾಗಿ ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹಿತ್ತಿಲ ತರಕಾರಿ ಕಣ್ಣೆದುರೇ ನಿಂತುಹೋಗುತ್ತಿದೆ. ಅದನ್ನು ಯಾವ ಇಲಾಖೆಯೂ ಬರೆದುಕೊಳ್ಳುತ್ತಿಲ್ಲ. ಯಾಕೆಂದರೆ ಅದು ಯಾರ ಪಹಣಿಯಲ್ಲೂ ಇಲ್ಲ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಇರುತ್ತದೆ, ತೆಂಗು ಇರುತ್ತದೆ, ರಬ್ಬರ್ ಇರುತ್ತದೆ. ಬಚ್ಚಲಿನ ನೀರು ಹರಿಯುವಲ್ಲಿ ಎದ್ದ ಬಸಳೆ, ಕೊಟ್ಟಿಗೆಯ ಮಾಡಿಗೆ ಹಬ್ಬಿದ ಕುಂಬಳ, ಬಾವಿಕಟ್ಟೆ ಬದಿಯ ನಾಲ್ಕು ಬುಡ ಬದನೆ ಇರುವುದಿಲ್ಲ. ಅದನ್ನು ನೆಟ್ಟು ನೀರು ಹಾಕಿದ ಹೆಂಗಸಿನ ಹೆಸರೂ ಹೆಚ್ಚಿನ ಪಹಣಿಗಳಲ್ಲಿ ಇರುವುದಿಲ್ಲ.

ಬರುವವರ ಪಟ್ಟಿ ದೊಡ್ಡದು. ಬೆಳಕು ಹರಿಯುವಾಗ ನವಿಲು. ಹರಿವೆ, ಬೆಂಡೆ ಎರಡೆಲೆ ಬಿಡುವುದೇ ತಡ, ಸಾಲು ಹಿಡಿದು ಕುಕ್ಕಿಕೊಂಡು ಹೋಗುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ನವಿಲು ನೋಡಬೇಕಾದರೆ ಘಟ್ಟ ಹತ್ತಬೇಕಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಅಂಗಳದಲ್ಲಿ ಕೋಳಿಯ ಜೊತೆ ಮೇಯುತ್ತದೆ. ಎಂಟು ಗಂಟೆಯ ಮೇಲೆ, ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಸಮಯ ನೋಡಿ ಮಂಗಗಳ ಹಿಂಡು. ತೆಂಗಿನ ಮರದಲ್ಲಿ ಕೆಂಚಳಿಲು ಬೊಂಡಕ್ಕೆ ತೂತು ಕೊರೆಯುತ್ತದೆ. ಕತ್ತಲಾದ ಮೇಲೆ ಪೇರಳೆಗೆ ಬಾವಲಿ, ಹಣ್ಣು ಪಪ್ಪಾಯಿಗೆ ಪುನುಗು ಬೆಕ್ಕು. ನಡುರಾತ್ರಿ ಕಾಡುಹಂದಿ. ಅದು ಮರಗೆಣಸು, ಕೆಸು, ಸುವರ್ಣಗೆಡ್ಡೆಯನ್ನು ತಿನ್ನುವುದಕ್ಕಿಂತ ಹೆಚ್ಚು ಉತ್ತು ಹಾಕಿ ಹೋಗುತ್ತದೆ. ಉಳಿದ ಬುಡವನ್ನು ಮುಳ್ಳುಹಂದಿ ನೋಡಿಕೊಳ್ಳುತ್ತದೆ. ಇನ್ನು ಮಳೆಗಾಲದ ಬಸವನಹುಳು. ಅದಕ್ಕೆ ಉಪ್ಪು ಹಾಕಿದರೆ ಸಾಯುತ್ತದೆ, ಜೊತೆಗೆ ಗಿಡವೂ ಸಾಯುತ್ತದೆ.

ಇವುಗಳಲ್ಲಿ ಹಂದಿಗೆ ಬೇಲಿ ಉಂಟು, ಬಾವಲಿಗೆ ಬಲೆ ಉಂಟು. ಮಂಗಕ್ಕೆ ಏನೂ ಇಲ್ಲ. ಮಂಗ ತಿಂದು ಹೋಗಿದ್ದರೆ ಬೇಜಾರಿಲ್ಲ ಎನ್ನುತ್ತಾರೆ ಎಲ್ಲರೂ. ಎಳೆ ಮುಳ್ಳುಸೌತೆ ಕಿತ್ತು, ಒಂದು ಕಚ್ಚಿ, ಬಿಸಾಡಿ, ಇನ್ನೊಂದನ್ನು ಕೀಳುತ್ತದೆ. ಹೀರೆ ಬಳ್ಳಿಯನ್ನು ಹಿಡಿದು ಜೋತಾಡುತ್ತದೆ. ಮರಿಗಳಿಗೆ ಅಲಸಂಡೆ ಚಪ್ಪರವೇ ಆಟದ ಮೈದಾನ. ಹಂಚು ಸರಿಸಿ ಅಡುಗೆಮನೆಗೆ ಇಳಿದು ಅನ್ನದ ಪಾತ್ರೆ ಮಗುಚಿ ಹಾಕಿದ ಮನೆಗಳೂ ಉಂಟು. ಬ್ಯಾರಿಗಳ ಮನೆ, ಭಟ್ಟರ ಮನೆ, ಗೌಡರ ಮನೆ, ಕೇರಳದಿಂದ ಬಂದು ರಬ್ಬರ್ ಹಾಕಿದವರ ಮನೆ ಎಂಬ ಭೇದ ಅದಕ್ಕಿಲ್ಲ. ನಮ್ಮೂರಲ್ಲಿ ಇಷ್ಟು ಸಮಾನವಾಗಿ ಹಂಚಿಕೆಯಾದದ್ದು ಬೇರೇನೂ ನನಗೆ ಕಾಣುವುದಿಲ್ಲ. ಶಾಲೆಯ ಕೈತೋಟವನ್ನೂ ಬಿಡುವುದಿಲ್ಲ. ಮಕ್ಕಳು ವಾರವಿಡೀ ನೀರು ಹಾಕುತ್ತಾರೆ, ಭಾನುವಾರ ಮಂಗಗಳ ಬಿಸಿಯೂಟ.

ಇದರಿಂದ ಏನು ನಷ್ಟ, ಒಂದು ಕಟ್ಟು ಬಸಳೆ ಸಂತೆಯಲ್ಲಿ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ. ಘಟ್ಟದ ಮೇಲಿನಿಂದ ಗಾಡಿಯಲ್ಲಿ ಬಂದ ಬೀನ್ಸು, ಕೋಸು, ಟೊಮೆಟೊ ಸಿಗುತ್ತದೆ. ಐದು ಜನರ ಮನೆಯಲ್ಲಿ ವಾರಕ್ಕೆ ಎರಡು ಸಲ ತರಕಾರಿ ತಂದರೆ ಎಷ್ಟಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಬೀಡಿ ಕಟ್ಟುವವರ, ಕೂಲಿಗೆ ಹೋಗುವವರ, ಐದು ಸೆಂಟ್ಸ್ ಜಾಗದವರ ಮನೆಯಲ್ಲಿ ಈ ಲೆಕ್ಕ ಬೇರೆಯೇ ಆಗುತ್ತದೆ. ಅಡಿಕೆ ಇದ್ದವನಿಗೆ ಹಿತ್ತಿಲು ಹವ್ಯಾಸ. ಇಲ್ಲದವನಿಗೆ ಅದು ಮಧ್ಯಾಹ್ನದ ಪದಾರ್ಥ.

ಹಣಕ್ಕಿಂತ ದೊಡ್ಡ ನಷ್ಟ ಬೀಜದ್ದು. ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದರೆ ಸಾಕು, ಬೆಂಡೆ, ಹೀರೆ, ಮುಳ್ಳುಸೌತೆ ಹಾಕುತ್ತಿದ್ದರು. ದೀಪಾವಳಿ ಕಳೆದ ಮೇಲೆ ಗದ್ದೆಯಲ್ಲಿ ಸೌತೆ, ಅಲಸಂಡೆ, ಹರಿವೆ. ಬೀಜ ಅಂಗಡಿಯಿಂದ ಬರುತ್ತಿರಲಿಲ್ಲ. ಬೂದಿಯಲ್ಲಿ ಹೊರಳಿಸಿ ಗೋಡೆಗೆ ಅಂಟಿಸಿಟ್ಟದ್ದು, ಒಲೆಯ ಮೇಲಿನ ಹೊಗೆಯಲ್ಲಿ ಒಣಗಿದ್ದು, ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಮನೆಯ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಮುಂದಿನ ಮಳೆಗಾಲದವರೆಗೂ ಬರುತ್ತಿತ್ತು. ಬೀಜಕ್ಕೆಂದು ಬಿಟ್ಟ ಕಾಯಿ ಬಳ್ಳಿಯಲ್ಲೇ ಹಣ್ಣಾಗಬೇಕು. ಅಲ್ಲಿಯವರೆಗೆ ಅದನ್ನು ಮಂಗ ಬಿಡಬೇಕಲ್ಲ? ಸತತ ಎರಡು ವರ್ಷ ಬೀಜ ಸಿಗದಿದ್ದರೆ ಆ ಮನೆಯ ತಳಿ ಅಲ್ಲಿಗೆ ಮುಗಿಯಿತು. ಪೇಟೆಯ ಪ್ಯಾಕೆಟಿನ ಬೀಜ ಬೇರೆ ಸಿಗಬಹುದು, ಅದು ಸಿಗುವುದಿಲ್ಲ.

ಕೆಲವರು ಜಾಣರು. ಮಂಗ ಮುಟ್ಟದ್ದನ್ನು ಮಾತ್ರ ಹಾಕುತ್ತಾರೆ. ಹಾಗಲ, ಗಾಂಧಾರಿ ಮೆಣಸು, ಅರಶಿನ, ಶುಂಠಿ, ತಿಮರೆ. ಒಳ್ಳೆಯದೇ. ಆದರೆ ಇದರ ಅರ್ಥ ಏನು ನೋಡಿ. ನಮ್ಮ ಮನೆಯಲ್ಲಿ ಏನು ಅಡುಗೆ ಮಾಡಬೇಕು ಎಂಬುದನ್ನು ಈಗ ಮಂಗ ತೀರ್ಮಾನ ಮಾಡುತ್ತದೆ. ಹಾಗಲಕಾಯಿ ಮೆಣಸ್ಕಾಯಿ, ತಿಮರೆ ಚಟ್ನಿ ಎರಡು ದಿನಕ್ಕೆ ರುಚಿ. ಮೂರನೆಯ ದಿನ ಮಕ್ಕಳು ತಟ್ಟೆ ದೂಡುತ್ತಾರೆ.

ಈಗ ಸರಕಾರದ ಕಡೆ ಬರೋಣ. ಕಾಡುಪ್ರಾಣಿಯಿಂದ ಬೆಳೆ ಹಾನಿಯಾದರೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಅರ್ಜಿ, ಪಹಣಿ, ಫೋಟೋ, ಸಿಬ್ಬಂದಿ ಬಂದು ಮಹಜರು. ಲೆಕ್ಕ ಆಗುವುದು ಕ್ವಿಂಟಲಿನಲ್ಲಿ, ಇಲ್ಲವೇ ಮರದ ಸಂಖ್ಯೆಯಲ್ಲಿ. ಬಸಳೆಗೆ ಕ್ವಿಂಟಲ್ ಎಲ್ಲಿಂದ ತರುವುದು? ಮೂವತ್ತು ಬುಡ ಅಲಸಂಡೆಗೆ ಮಹಜರು ಮಾಡಿ ಎಂದು ಒಬ್ಬ ಗಾರ್ಡನ್ನು ಕರೆಯುವುದಕ್ಕೆ ನಮಗೇ ನಾಚಿಕೆ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಒಬ್ಬ ಗಾರ್ಡಿಗೆ ಎಷ್ಟು ಕಾಡು, ಎಷ್ಟು ಕೆಲಸ ಎಂದು ಓಡಾಡುವಾಗ ನೋಡಿದ್ದೇನೆ. ದೂರು ಇರುವುದು ಲೆಕ್ಕದ ಮೇಲೆ. ಪುಸ್ತಕದಲ್ಲಿ ಹಾನಿ ಇಲ್ಲ ಎಂದಾದರೆ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಕೂತವರಿಗೆ ಸಮಸ್ಯೆಯೇ ಇಲ್ಲ ಎಂದಾಗುತ್ತದೆ.

ಕಾನೂನು ಬಿಗಿ ಇದೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಉತ್ತರ ಭಾರತದ ಕೆಂಪು ಮುಖದ ಮಂಗವನ್ನು ಪಟ್ಟಿಯಿಂದಲೇ ತೆಗೆದರು. ನಮ್ಮ ಕಡೆಯ, ತಲೆಯ ಮೇಲೆ ಬೈತಲೆ ತೆಗೆದಂತೆ ಟೋಪಿಕೂದಲು ಇರುವ ಮಂಗವನ್ನು ಮೊದಲ ಪಟ್ಟಿಗೆ ಏರಿಸಿದರು. ಅಂದರೆ ಹುಲಿಗೆ ಇರುವ ರಕ್ಷಣೆ ಅದಕ್ಕೂ ಇದೆ. ಗಡಿಯಾಚೆ ಕೇರಳದಲ್ಲಿ 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಆದೇಶ ಕೊಡುವ ಅಧಿಕಾರ ಕೊಟ್ಟರು. ಮಂಗವನ್ನು ಮೊದಲ ಪಟ್ಟಿಯಿಂದ ಇಳಿಸಿ ಎಂದೂ ಅಲ್ಲಿನ ಸರಕಾರ ಕೇಂದ್ರವನ್ನು ಕೇಳಿದೆ.

ಇಲ್ಲಿ ಒಂದು ವಿಚಿತ್ರ ಇದೆ. ಮಂಗಗಳ ಸಂಖ್ಯೆ ಹೆಚ್ಚಿದೆ ಎಂದು ನಾವು ಹೇಳುತ್ತೇವೆ. ಮೈಸೂರು ಭಾಗದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, 25 ವರ್ಷಗಳಲ್ಲಿ ಅಲ್ಲಿನ ಈ ಜಾತಿಯ ಮಂಗಗಳು ಶೇ. 65ಕ್ಕಿಂತಲೂ ಹೆಚ್ಚು ಕಡಿಮೆಯಾಗಿವೆ ಎಂದಿತು. ಇವು ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ನನಗೆ ಇದು ಸುಳ್ಳು ಅನಿಸುವುದಿಲ್ಲ. ರಸ್ತೆ ಬದಿಯ ಆಲ, ಗೋಳಿ, ಅತ್ತಿ ಮರದಲ್ಲಿ ಇದ್ದವು ಮರ ಹೋದ ಮೇಲೆ ಎಲ್ಲಿಗೆ ಹೋಗಬೇಕು? ಪುಂಜಾಲಕಟ್ಟೆಯಿಂದ ಚಾರ್ಮಾಡಿವರೆಗಿನ ಹೆದ್ದಾರಿ ಅಗಲ ಮಾಡಲು ಉರುಳಿದ ಮರಗಳನ್ನು ನಾವೆಲ್ಲ ನೋಡಿದ್ದೇವೆ. ಗುಡ್ಡಕ್ಕೆ ರಬ್ಬರ್, ಅಕೇಶಿಯ ಬಂತು. ಅದರಲ್ಲಿ ಮಂಗಕ್ಕೆ ತಿನ್ನುವುದಕ್ಕೆ ಏನೂ ಇಲ್ಲ. ಹಡಿಲು ಬಿದ್ದ ಗದ್ದೆಯಲ್ಲಿ ಪೊದೆ ಬೆಳೆದು ಹಂದಿಗೆ ಮನೆಯಾಯಿತು. ಎಲ್ಲೆಲ್ಲೋ ಹರಡಿಕೊಂಡಿದ್ದವು ಈಗ ಮನೆಗಳ ಸುತ್ತ ಬಂದು ಸೇರಿವೆ. ಒಟ್ಟು ಕಡಿಮೆಯಾಗಿದ್ದರೂ ನಮ್ಮ ಅಂಗಳದಲ್ಲಿ ಹೆಚ್ಚಾಗಿವೆ. ಎರಡೂ ಮಾತು ಒಟ್ಟಿಗೆ ನಿಜ ಇರಬಹುದು.

ಚಾರ್ಮಾಡಿ ಘಾಟಿಯಲ್ಲಿ ನಡೆಯುವುದಂತೂ ನಮ್ಮ ಕೈಯಾರೆ ಮಾಡಿದ ಉಪದ್ರ. ಮಳೆಗಾಲದ ಭಾನುವಾರ ಜಲಪಾತ ನೋಡಲು ಬರುವವರು ತಿರುವಿನಲ್ಲಿ ಕಾರು ನಿಲ್ಲಿಸಿ ಬಿಸ್ಕೆಟ್, ಬಾಳೆಹಣ್ಣು, ಚಿಪ್ಸ್ ಎಸೆಯುತ್ತಾರೆ. ಪುಣ್ಯ ಬರುತ್ತದೆ ಎಂದು ಒಬ್ಬರು, ವಿಡಿಯೋ ಬರುತ್ತದೆ ಎಂದು ಇನ್ನೊಬ್ಬರು. ಮನುಷ್ಯನ ಕೈಯಿಂದ ಕಸಿಯಲು ಕಲಿತ ಮಂಗಕ್ಕೆ ಮನೆಯ ಭಯ ಉಳಿಯುತ್ತದೆಯೇ? ಕಾರು ಕೊಟ್ಟಿಗೆಹಾರ ದಾಟಿ ಹೋಗುತ್ತದೆ. ಮಂಗ ಇಲ್ಲೇ ಇರುತ್ತದೆ. ಬೋರ್ಡು ಹಾಕಿದರೆ ಸಾಲದು, ವಾರಾಂತ್ಯದಲ್ಲಿ ನಾಲ್ಕು ಜನರಿಗೆ ದಂಡ ಬಿದ್ದರೆ ಐದನೆಯವನ ಕೈ ತಾನಾಗಿ ಹಿಂದೆ ಹೋಗುತ್ತದೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಕೆಲಸ ಇದೆ: ಪೇಟೆಯಲ್ಲಿ ಹಿಡಿದ ಮಂಗವನ್ನು ಪಿಕಪ್ಪಿನಲ್ಲಿ ತಂದು ಕಾಡಿನ ಅಂಚಿನಲ್ಲಿ ಬಿಡುವುದು. ನಮ್ಮ ಕಡೆಯವರು ಇದನ್ನು ರಾತ್ರಿ ಹೊತ್ತು ಕಂಡಿದ್ದೇವೆ ಎನ್ನುತ್ತಾರೆ. ನಮ್ಮವರೂ ಕಮ್ಮಿ ಇಲ್ಲ. ಹಣ ಒಟ್ಟು ಮಾಡಿ ಮಂಗ ಹಿಡಿಯುವವರನ್ನು ಕರೆಸಿ ಪಕ್ಕದ ಗ್ರಾಮದ ಗಡಿಯಲ್ಲಿ ಬಿಟ್ಟು ಬರುವ ಮಾತು ಸಭೆಗಳಲ್ಲಿ ಬರುತ್ತದೆ. ಇದು ನಮ್ಮ ಮನೆಯ ಕಸವನ್ನು ಆಚೆ ಮನೆಯ ಬೇಲಿಗೆ ಹಾಕಿದ ಹಾಗೆ. ಇದರ ಕೊನೆ ಎಷ್ಟು ಕೆಟ್ಟದಾಗಬಹುದು ಎಂದು 2021ರ ಜುಲೈಯಲ್ಲಿ ಘಟ್ಟದ ಮೇಲೆ ಬೇಲೂರು ತಾಲೂಕಿನಲ್ಲಿ ನೋಡಿದೆವು. ಚೌಡನಹಳ್ಳಿ ಬಳಿ ರಸ್ತೆ ಬದಿಯಲ್ಲಿ ಗೋಣಿಚೀಲ ಬಿಚ್ಚಿದರೆ 38 ಮಂಗಗಳ ಹೆಣ. ಬೆಳೆ ಹಾಳು ಮಾಡುತ್ತವೆ ಎಂದು ಹಣ ಕೊಟ್ಟು ಹಿಡಿಸಿದ್ದು ತನಿಖೆಯಲ್ಲಿ ಹೊರಬಂತು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಹನುಮಂತನಿಗೆ ಶನಿವಾರ ಕೈಮುಗಿಯುವ ಊರುಗಳೇ ಅವೂ.

ಮಲೆನಾಡಿನವರು ಮಂಕಿ ಪಾರ್ಕ್ ಕೇಳಿದರು. ಹೊಸನಗರ ತಾಲೂಕಿನಲ್ಲಿ ಮಾಡುತ್ತೇವೆ ಎಂದು ಸರಕಾರವೂ ಹೇಳಿತು. ಅಲ್ಲಿಯವರು, ಎಲ್ಲರ ಮಂಗ ನಮ್ಮೂರಿಗೇ ಯಾಕೆ ಎಂದು ವಿರೋಧಿಸಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಿಮಾಚಲ ಪ್ರದೇಶ 2006-07ರಿಂದ ಸಂತಾನಹರಣ ಚಿಕಿತ್ಸೆ ಹಿಡಿದು 1.5 ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಮಾಡಿದೆ. ಅಲ್ಲಿಯೂ ದೂರು ನಿಂತಿಲ್ಲ. ಆದರೆ ಒಂದು ದಾರಿಯನ್ನು ಇಷ್ಟು ವರ್ಷ ಹಿಡಿದು ನಡೆದದ್ದು ಅವರೇ. 2016ರಲ್ಲಿ ಶಿಮ್ಲಾದಲ್ಲಿ ಮಂಗವನ್ನು ಪೀಡಕ ಪ್ರಾಣಿ ಎಂದು ಘೋಷಿಸಿ ಕೊಲ್ಲಲು ಅನುಮತಿ ಬಂದಾಗ ಜನ ಮುಂದೆ ಬರಲೇ ಇಲ್ಲ. ನಮ್ಮಲ್ಲೂ ಅಷ್ಟೇ. ಬೈಯುವಾಗ "ಕೊಂದೇ ಬಿಡಬೇಕು" ಎನ್ನುವ ಅಜ್ಜಿ, ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡ ತಾಯಿಯನ್ನು ಕಂಡರೆ ಕೋಲು ಕೆಳಗಿಡುತ್ತಾರೆ.

ಕೋವಿಯ ಮಾತು ಎತ್ತದಿದ್ದರೆ ಓದುಗರು ನನ್ನನ್ನು ಬಿಡುವುದಿಲ್ಲ. ಬೆಳೆ ರಕ್ಷಣೆಗೆಂದೇ ಪರವಾನಗಿ ಕೊಟ್ಟ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿ ಇಡಬೇಕು. ವಿಧಾನಸಭೆಗೆ ಮತದಾನ ಆದದ್ದು 2023ರ ಮೇ 10ಕ್ಕೆ, ನಮ್ಮ ಜಿಲ್ಲೆಯಲ್ಲಿ ಲೋಕಸಭೆಗೆ 2024ರ ಏಪ್ರಿಲ್ 26ಕ್ಕೆ. ಗೇರು, ಮಾವು, ಹಲಸು ಆಗುವ ಸಮಯ ಎರಡೂ. ಕೋವಿಯಿಂದ ಮಂಗವನ್ನು ಕೊಲ್ಲುವುದಕ್ಕೆ ಯಾರಿಗೂ ಅಧಿಕಾರವಿಲ್ಲ, ಸದ್ದು ಮಾಡಿ ಓಡಿಸಬಹುದು ಅಷ್ಟೆ. ಆ ಸದ್ದೂ ಇಲ್ಲದ ಎರಡು ತಿಂಗಳು ಮಂಗಗಳಿಗೆ ಮಾದರಿ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಕೋವಿ ಇಲ್ಲದವರು ಪೈಪಿನ ಗನ್ ಮಾಡಿಕೊಳ್ಳುತ್ತಾರೆ. ಪಿವಿಸಿ ಪೈಪು, ಕಾರ್ಬೈಡ್, ನೀರು, ಲೈಟರ್. ವಿಡಿಯೋ ನೋಡಿ ಹುಡುಗರೇ ಮಾಡುತ್ತಾರೆ. ದಯವಿಟ್ಟು ಇದನ್ನು ಮಕ್ಕಳ ಕೈಗೆ ಕೊಡಬೇಡಿ. 2025ರ ದೀಪಾವಳಿಯಲ್ಲಿ ಭೋಪಾಲದಲ್ಲಿ ಇದೇ ಗನ್ನಿನಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಹೊಡೆಯಲಿಲ್ಲ ಎಂದು ಒಳಗೆ ಇಣುಕಿದ ಕ್ಷಣದಲ್ಲಿ ಸಿಡಿಯುತ್ತದೆ. ಹಂದಿಗೆ ಇಡುವ ಸಿಡಿಮದ್ದಿನ ಉಂಡೆಯೂ ಅಷ್ಟೇ. ಹಂದಿ ಬರುವ ಮೊದಲು ದನ ಬರಬಹುದು, ನಾಯಿ ಬರಬಹುದು. 2020ರಲ್ಲಿ ಪಾಲಕ್ಕಾಡಿನ ಗರ್ಭಿಣಿ ಆನೆ ಸತ್ತದ್ದು ಇಂಥದ್ದನ್ನು ಕಚ್ಚಿಯೇ. ಬೇಲಿಗೆ ನೇರ ಕರೆಂಟು ಕೊಡುವವರಿಗೆ ಹೇಳುವುದು ಒಂದೇ: ರಾತ್ರಿ ಆ ಬೇಲಿ ದಾಟುವುದು ಪ್ರಾಣಿ ಮಾತ್ರ ಅಲ್ಲ.

ಮಂಗನ ಕಾಯಿಲೆಯನ್ನೂ ಮರೆಯಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಅದು 1982-83ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿಗೇ ಬಂದಿತ್ತು. ಗೇರು ಹಾಕಲು ಕಾಡು ಕಡಿದ ಜಾಗದ ಸುತ್ತ ಜನ ಸತ್ತರು. ಹಿತ್ತಿಲಲ್ಲಿ ಮಂಗ ತಾನಾಗಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಹೂಳುವುದಕ್ಕೂ ಹೋಗಬೇಡಿ. ಅದರ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತ ಇರುತ್ತದೆ. ಆಶಾ ಕಾರ್ಯಕರ್ತೆಗೋ ಅರಣ್ಯದವರಿಗೋ ಹೇಳಿ.

ಸದ್ಯಕ್ಕೆ ಏನು ಕೆಲಸ ಮಾಡುತ್ತದೆ? ಬೆರ್ಚಪ್ಪ ಎರಡು ದಿನ. ಹುಲಿ ಬೊಂಬೆ ಒಂದು ವಾರ. ತೀರ್ಥಹಳ್ಳಿ ತಾಲೂಕಿನ ನಾಲೂರಿನ ಕೃಷಿಕರೊಬ್ಬರು 2019ರಲ್ಲಿ ನಾಯಿಗೇ ಹುಲಿಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದರು. ಬೊಂಬೆಯ ಬಣ್ಣ ಮಾಸಿ ಮಂಗಗಳಿಗೆ ಗೊತ್ತಾಗುತ್ತದೆ, ನಾಯಿ ಓಡುತ್ತದಲ್ಲ ಎಂಬುದು ಅವರ ಲೆಕ್ಕ. ನಾನು ಓಡಾಡಿದ ಮನೆಗಳಲ್ಲಿ ವರ್ಷಗಟ್ಟಲೆ ತರಕಾರಿ ಉಳಿಸಿಕೊಂಡವರು ಮಾಡಿದ್ದು ಒಂದೇ: ಗಿಡವನ್ನು ಗೂಡಿನೊಳಗೆ ಹಾಕಿದ್ದು. ಮಂಗಳೂರು, ಮಲ್ಪೆ ಬಂದರಿನಿಂದ ಬರುವ ಹಳೆಯ ಮೀನುಬಲೆ, ಅಡಿಕೆ ಮರದ ಕಂಬ, ನಾಲ್ಕೂ ಬದಿ ಮತ್ತು ಮೇಲೆ ಸೇರಿಸಿ ಮುಚ್ಚಬೇಕು. ಬುಡದಲ್ಲಿ ಒಂದು ಮೊಳ ಬಲೆಯನ್ನು ಮಣ್ಣಿನೊಳಗೆ ಹೂಳದಿದ್ದರೆ ಮುಳ್ಳುಹಂದಿ ಒಳಗೆ. ಬಲೆ ಸಡಿಲ ಬಿಟ್ಟರೆ ಕೇರೆಹಾವು ಸಿಕ್ಕಿಬೀಳುತ್ತದೆ, ಎಳೆದು ಬಿಗಿದು ಕಟ್ಟಬೇಕು. ನೋಡಲು ಕೋಳಿಗೂಡಿನ ಹಾಗೆ ಕಾಣುತ್ತದೆ, ಮಂಗ ಹೊರಗೆ ಕೂತು ನೋಡುತ್ತದೆ. ಇದಕ್ಕೂ ಹಣ ಬೇಕು, ಐದು ಸೆಂಟ್ಸಿನವರ ಹತ್ತಿರ ಅದು ಇಲ್ಲ. ಸಸಿ ಹಂಚಲು, ಬೀಜದ ಪೊಟ್ಟಣ ಹಂಚಲು ಕಾರ್ಯಕ್ರಮ ಆಗುತ್ತದೆ, ಫೋಟೋ ನಾನೇ ತೆಗೆದಿದ್ದೇನೆ. ಬಲೆ ಕೊಡುವ ಕಾರ್ಯಕ್ರಮದ ಫೋಟೋ ಮಾತ್ರ ಈವರೆಗೆ ತೆಗೆದಿಲ್ಲ.

ಅದನ್ನು ಕೇಳಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲೆ ಬರೆದಿಡಬೇಕು. ನಿಮ್ಮ ಪಂಚಾಯತಿನಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಹಿತ್ತಿಲ ಹಾನಿ ಮತ್ತು ಹೋಗುತ್ತಿರುವ ತರಕಾರಿ ತಳಿ ಎರಡನ್ನೂ ಆ ದಾಖಲೆಯಲ್ಲಿ ಬರೆಯಿರಿ ಎಂದು ಕೇಳಿ, ನಿರ್ಣಯ ಮಾಡಿಸಿ. ಕೇಳುವವರು ಹೆಂಗಸರೇ ಆದರೆ ಒಳ್ಳೆಯದು. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಹೇಗೂ ಬರೆಯುತ್ತೀರಿ. ಅದರ ಕೊನೆಯ ಎರಡು ಹಾಳೆ ಇದಕ್ಕೆ ಬಿಡಿ. ಯಾವ ತಾರೀಕು, ಯಾವ ಪ್ರಾಣಿ, ಎಷ್ಟು ಬುಡ ಹೋಯಿತು, ಆ ವಾರ ಅಂಗಡಿಯಿಂದ ಎಷ್ಟು ರೂಪಾಯಿಯ ತರಕಾರಿ ತಂದಿರಿ. ಪತ್ತನಾಜೆಯಿಂದ ಶುರು ಮಾಡಿ ದೀಪಾವಳಿವರೆಗೆ ಬರೆದರೆ ಸಾಕು. ನಾಲ್ಕೈದು ಸಂಘದವರು ಬರೆದ ಹಾಳೆ ನನಗೆ ಸಿಕ್ಕಿದರೆ ಒಟ್ಟು ಮಾಡಿ ಮತ್ತೊಮ್ಮೆ ಡೆಸ್ಕಿಗೆ ಕಳಿಸುತ್ತೇನೆ. ಫೋಟೋಗೆ ಖಾಲಿ ಚಪ್ಪರ ಒಂದು ಬೇಕು, ಅದಕ್ಕೇನೂ ಹುಡುಕಬೇಕಾಗಿಲ್ಲ.